ಕೊನೆಯ ಪುಟವಿಲ್ಲದ ವಕೀಲರು

ಕೋರ್ಟಿಗೆ ಬೇಸಿಗೆ ರಜೆ ಇದೆ, ದಸರಾ ರಜೆ ಇದೆ. ನಮ್ಮ ಸೀನಿಯರ್ ಇದ್ದಲ್ಲಿ ನಡೆಯುವ ಪ್ರಸಂಗಗಳಿಗೆ ಮಾತ್ರ ರಜೆಯೇ ಇಲ್ಲ.

ಹೊಳೆನರಸೀಪುರದ ಅವರ ಆಫೀಸಿಗೆ ನಾನು ಜೂನಿಯರ್ ಆಗಿ ಸೇರಿ ಆರು ವರ್ಷವಾಯಿತು. ಆಫೀಸು ಅಂದರೆ ಅವರ ಮನೆಯ ಮುಂದಿನ ಕೋಣೆ. ಅದರ ಮುಂದೆ ಜಗಲಿ, ಜಗಲಿ ತುಂಬ ಕಕ್ಷಿದಾರರು. ಕಾನೂನು ಕಲಿಯಲು ಬಂದವಳು ನಾನು. ಕಲಿತದ್ದಕ್ಕಿಂತ ಬಾಯಿ ಬಿಟ್ಟುಕೊಂಡು ಅವರನ್ನು ನೋಡಿದ್ದೇ ಹೆಚ್ಚು. ಆ ಬೆರಗು ಇವತ್ತಿಗೂ ಇಳಿದಿಲ್ಲ. ಅವರಿಗೆ ಬದುಕಿನಲ್ಲಿ ಇದ್ದ ಆಸೆ ಒಂದೇ ಒಂದು. ಕಣ್ಣು ಮುಚ್ಚುವುದರೊಳಗೆ ಒಂದಾದರೂ ಚುನಾವಣೆ ಗೆಲ್ಲಬೇಕು. ನಾನು ಸೇರುವ ಹೊತ್ತಿಗೆ ಮೂರು ಸೋತಿದ್ದರು.

ಗುಜರಿಯಲ್ಲಿ ಸಿಕ್ಕ ಗುರು

ಈ ಆಸೆಗೆ ಒಂದು ಪುಸ್ತಕ ಕಾರಣ. ಅವರು ಕಾಲೇಜಿನಲ್ಲಿದ್ದಾಗ ಚನ್ನರಾಯಪಟ್ಟಣದ ಬಸ್ ನಿಲ್ದಾಣದ ಹತ್ತಿರ, ಗುಜರಿ ಅಂಗಡಿಯ ರದ್ದಿ ರಾಶಿಯಲ್ಲಿ ಸಿಕ್ಕಿದ್ದಂತೆ. ಹಿಂದಿನ ಶತಮಾನಕ್ಕೂ ಹಿಂದೆ, ಅಮೆರಿಕದ ಕಾಡಂಚಿನ ಊರುಗಳಲ್ಲಿ ವಕೀಲಿಕೆ ಮಾಡಿ ರಾಜಕೀಯಕ್ಕೆ ಇಳಿದ ಒಬ್ಬಾತನ ಕತೆ, ಕನ್ನಡದಲ್ಲಿ. ಮರದ ದಿಮ್ಮಿಯ ಮನೆಯಲ್ಲಿ ಹುಟ್ಟಿದವನು. ಸೌದೆ ಒಡೆದು ಬದುಕಿದವನು. ಯಾರದೋ ಕಾನೂನು ಪುಸ್ತಕ ಎರವಲು ತಂದು ತಾನೇ ಓದಿಕೊಂಡು ವಕೀಲನಾದವನು. ಕುದುರೆ ಏರಿ ಊರಿಂದೂರಿಗೆ ಕೋರ್ಟು ಸುತ್ತುತ್ತಿದ್ದ. ಕತೆ ಹೇಳಿ, ತೀರ್ಪು ಕೊಡಲು ಕೂತ ಜ್ಯೂರಿಯವರನ್ನು ನಗಿಸಿ ಕೇಸು ಗೆಲ್ಲುತ್ತಿದ್ದ. ಚುನಾವಣೆಗೆ ನಿಂತು ಸೋಲುತ್ತಿದ್ದ. ಮತ್ತೆ ನಿಲ್ಲುತ್ತಿದ್ದ.

ಪುಸ್ತಕಕ್ಕೆ ಮುಂದಿನ ಹತ್ತು ಹಾಳೆ ಇಲ್ಲ, ಹಿಂದಿನವು ಎಷ್ಟಿಲ್ಲವೋ ದೇವರಿಗೇ ಗೊತ್ತು. ಒಳಗೆಲ್ಲ ‘ನಮ್ಮ ವಕೀಲರು’ ಅಂತಲೇ ಇರುವುದರಿಂದ ಆತನ ಹೆಸರೂ ತಿಳಿಯದು. ಉಳಿದ ಕೊನೆಯ ಪುಟದಲ್ಲಿ ಆತ ಮತ್ತೊಂದು ಚುನಾವಣೆಗೆ ನಿಂತಿದ್ದಾನೆ. ವೋಟು ಎಣಿಸುತ್ತಿದ್ದಾರೆ. ‘ಎಣಿಕೆ ಮುಗಿದು ಅಧಿಕಾರಿಯು ಎದ್ದು ನಿಂತು’ ಅನ್ನುವಲ್ಲಿಗೆ ಹಾಳೆ ಹರಿದಿದೆ.

ಅದನ್ನು ಓದಿದ ದಿನ ನನಗೆ ತಡೆಯಲಾಗಲಿಲ್ಲ. “ಸಾರ್, ಮೊಬೈಲಲ್ಲಿ ಹುಡುಕಿದ್ರೆ ಎರಡು ನಿಮಿಷಕ್ಕೆ ಯಾರು, ಏನಾದ, ಎಲ್ಲಾ ಗೊತ್ತಾಗುತ್ತೆ” ಅಂದೆ.

“ಕೈ ತೆಗಿಯಮ್ಮ ಅದರಿಂದ” ಅಂತ ಗದರಿದರು. “ಗೆದ್ದ ಅಂತ ಗೊತ್ತಾದ್ರೆ ನಂಗೆ ಹೊಟ್ಟೆಕಿಚ್ಚು ಬರುತ್ತೆ. ಸೋತ ಅಂತ ಗೊತ್ತಾದ್ರೆ ನಾನು ನಾಮಿನೇಶನ್ನೇ ಹಾಕಲ್ಲ.”

ಸವಾರಿ

ಆತನಿಗೆ ಕುದುರೆ ಇತ್ತು. ನಮ್ಮವರಿಗೆ ನನ್ನ ಸ್ಕೂಟರು. ಸೈಕಲ್ ಬಿಟ್ಟು ಬೇರೇನನ್ನೂ ಓಡಿಸಲು ಅವರಿಗೆ ಬರುವುದಿಲ್ಲ. ಅರಕಲಗೂಡಿಗೆ, ಚನ್ನರಾಯಪಟ್ಟಣಕ್ಕೆ, ಹಾಸನಕ್ಕೆ, ಯಾವ ಕೋರ್ಟಾದರೂ ನಾನು ಮುಂದೆ, ಫೈಲಿನ ಚೀಲ ನಡುವೆ, ಅರುವತ್ತು ದಾಟಿದ ನಮ್ಮ ಸೀನಿಯರು ಕರಿ ಕೋಟು ಹಾಕಿಕೊಂಡು ಹಿಂದೆ. ಬೋಳು ತಲೆಗೆ ಅವರ ಹೆಲ್ಮೆಟ್ಟು ನಿಲ್ಲುವುದೇ ಇಲ್ಲ. ಒಂದು ಕೈಯಲ್ಲಿ ಅದನ್ನು ಹಿಡಿದುಕೊಂಡಿರುತ್ತಾರೆ. ಮೊದಮೊದಲು ನನಗೇ ನಾಚಿಕೆಯಾಗುತ್ತಿತ್ತು. ಅವರಿಗೆ ಆ ವಿಷಯ ತಲೆಗೇ ಹೋಗಿರಲಿಲ್ಲ.

ಒಂದು ಸಲ ಹಾಸನಕ್ಕೆ ಹೋಗುವಾಗ, ವಿಮಾನ ನಿಲ್ದಾಣ ಬರುತ್ತದೆ ಅಂತ ವರ್ಷಗಟ್ಟಲೆಯಿಂದ ಕಾಯುತ್ತಿರುವ ಬೂವನಹಳ್ಳಿ ಕಡೆಯವರೊಬ್ಬರು ದಾರಿಯಲ್ಲಿ ಸಿಕ್ಕಿ, “ಏನ್ ಸಾ, ಇನ್ನೂ ಸ್ಕೂಟ್ರಲ್ಲೇ? ನಮ್ಮೂರಿಗೆ ವಿಮಾನ ಬತ್ತದೆ ಅಂತಾವ್ರೆ, ನೀವು ಒಂದು ಕಾರಾದ್ರೂ ತಗಳೀ” ಅಂದರು.

“ತಗೋತೀನಪ್ಪ. ನಾನು ಗೆಲ್ಲೋದು ಮೊದಲೋ, ನಿಮ್ಮೂರಲ್ಲಿ ವಿಮಾನ ಇಳಿಯೋದು ಮೊದಲೋ ನೋಡ್ಕೊಂಡು ಮುಂದುವರಿಯೋಣ” ಅಂದರು ಇವರು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೆ ಮಾತ್ರ ಯಾಕೋ ಸಂಕಟವಾಯಿತು, ಇವರ ಆಸೆ ಎಷ್ಟು ಸಣ್ಣದು ಅನ್ನಿಸಿ.

ನಲ್ಲಿ ಮೂಳೆಯ ನ್ಯಾಯ

ನಾನು ಮೊದಲ ಬಾರಿ ಪಾಟೀಸವಾಲು ಮಾಡಿದ್ದು ಅರಕಲಗೂಡಿನ ಕೋರ್ಟಿನಲ್ಲಿ. ದಾಯಾದಿಗಳಿಬ್ಬರ ಹೊಡೆದಾಟದ ಕೇಸು. ಹೊಡೆದ ಅನ್ನಿಸಿಕೊಂಡವನು ನಮ್ಮ ಕಕ್ಷಿದಾರ. ಹಿಂದಿನ ದಿನವೆಲ್ಲ ಕನ್ನಡಿ ಮುಂದೆ ನಿಂತು ಅಭ್ಯಾಸ ಮಾಡಿದ್ದೆ. ಎದುರು ಕಡೆಯ ಸಾಕ್ಷಿ ಕಟಕಟೆ ಹತ್ತಿದ.

“ಜಗಳ ಶುರುವಾದಾಗ ನೀವು ಅಲ್ಲಿ ಇರಲಿಲ್ಲ?”

“ಇರ್ನಿಲ್ಲ.”

“ನಮ್ಮ ಕಕ್ಷಿದಾರರು ಕೈ ಎತ್ತಿದ್ದನ್ನ ನೀವು ಕಣ್ಣಾರೆ ನೋಡಲಿಲ್ಲ?”

“ನೋಡ್ನಿಲ್ಲ.”

ಅಲ್ಲಿಗೆ ಕೂತಿದ್ದರೆ ಕೇಸು ನಮ್ಮದು. ನನಗೆ ಉಮೇದು ಬಂದುಬಿಟ್ಟಿತ್ತು. ಸೊಂಟದ ಮೇಲೆ ಕೈಯಿಟ್ಟು ಕೇಳಿದೆ: “ಮತ್ತೆ ಇವರೇ ಹೊಡೆದರು ಅಂತ ಅಷ್ಟು ಖಚಿತವಾಗಿ ಹೇಗೆ ಹೇಳ್ತೀರಿ?”

“ಅವ್ನೇ ನಮ್ಮನೆತಾವ ಬಂದು ಯೋಳ್ದ ಕಣವ್ವ. ‘ಇವತ್ತು ನಾಕು ಬಿಟ್ಟು ಬಂದೆ ಕಣ್ಲಾ, ಕೈ ಇನ್ನೂ ಉರೀತಾ ಅದೆ, ಒಸಿ ಎಣ್ಣೆ ಕೊಡು’ ಅಂದ. ಎಣ್ಣೆ ಕೊಟ್ಟೋನೇ ನಾನು.”

ಜಡ್ಜ್ ಸಾಹೇಬರು ಬರೆಯುವ ನೆಪದಲ್ಲಿ ತಲೆ ತಗ್ಗಿಸಿ ನಕ್ಕರು. ಹೊರಗೆ ಬಂದು ಹೊಂಗೆ ಮರದ ಕೆಳಗೆ ನಾನು ಅತ್ತುಬಿಟ್ಟೆ. ಸೀನಿಯರ್ ಬೈಯಲಿಲ್ಲ. ಟೀ ಕೊಡಿಸಿ, “ಉತ್ತರ ಗೊತ್ತಿಲ್ಲದ ಪ್ರಶ್ನೆ ಕೇಳಬಾರದು. ಇಷ್ಟೇ ಕಣಮ್ಮ ವಕೀಲಿಕೆ. ಮಿಕ್ಕಿದ್ದೆಲ್ಲ ಕೋಟು” ಅಂದರು.

ಆಮೇಲೆ ಅವರು ಮಾಡಿದ್ದನ್ನು ನೋಡಿ ನಾನು ದಂಗಾದೆ. ನಮ್ಮವನನ್ನೂ ಎದುರಿನವನನ್ನೂ ಒಂದೇ ಬೆಂಚಿನಲ್ಲಿ ಕೂರಿಸಿ, “ಹೊಡೆದದ್ದಾಯ್ತು, ಅದನ್ನ ಬಿಡಿ. ಯಾಕೆ ಅಂತ ಹೇಳಿ” ಅಂದರು. ಯಾವ ಫೈಲಿನಲ್ಲೂ ಇಲ್ಲದ ಕಾರಣ ಹತ್ತೇ ನಿಮಿಷಕ್ಕೆ ಹೊರಬಂತು. ನಮ್ಮವನ ಮನೆಯ ಬೀಗರೂಟದಲ್ಲಿ ಎದುರಿನವನ ಎಲೆಗೆ ಮಜ್ಜೆ ತುಂಬಿದ ನಲ್ಲಿ ಮೂಳೆ ಬೀಳಲಿಲ್ಲ. ಪಕ್ಕದ ಎಲೆಗೆ ಎರಡು ಬಿತ್ತು. ಅವನು ಅಂದದ್ದು, ಇವನು ಕೈ ಎತ್ತಿದ್ದು, ಎಲ್ಲ ಅದರ ಮೇಲೆಯೇ. ರಾಜಿ ಏನಾಯಿತೆಂದರೆ, ನಮ್ಮವನು ಮತ್ತೊಂದು ಊಟ ಹಾಕಬೇಕು, ನಲ್ಲಿ ಮೂಳೆಯನ್ನು ನಮ್ಮ ಸೀನಿಯರ್ ಎದುರಲ್ಲೇ ಬಡಿಸಬೇಕು. ಕೋರ್ಟೂ ರಾಜಿಗೆ ಒಪ್ಪಿತು.

ಆ ಊಟಕ್ಕೆ ನಾನೂ ಹೋಗಿದ್ದೆ. ಪಂಕ್ತಿಯ ತುದಿಯಲ್ಲಿ, ಬೇರೆ ಎಲೆಯಲ್ಲಿ ಮೊಸರನ್ನ ಇಟ್ಟುಕೊಂಡು ಇವರು ಕೂತು ಎಲ್ಲರ ಎಲೆಯನ್ನೂ ತನಿಖೆ ಮಾಡುತ್ತಿದ್ದರು. “ಸಾ, ತಾವು ಶಿವಾಚಾರದೋರು, ಈ ಪಂಚಾಯ್ತಿಗೆ ತಮ್ಮುನ್ನ ಎಳೆದ್ಬುಟ್ವಲ್ಲ” ಅಂತ ಊರಿನ ಹಿರಿಯರು ಕೈಮುಗಿದರು.

“ತಪ್ಪೇನಿಲ್ಲ ಗೌಡ್ರೇ” ಅಂದರು ಇವರು. “ಕೊರಳಲ್ಲಿ ಲಿಂಗ ಕಟ್ಟಿದೋನು. ಮೂಳೆ ಹಂಚೋಕೆ ನನ್ನಷ್ಟು ನಿಷ್ಪಕ್ಷಪಾತಿ ಈ ತಾಲ್ಲೂಕಲ್ಲೇ ಸಿಗಲ್ಲ.”

ಹಸು ಹೇಳಿದ ಸಾಕ್ಷಿ

ನಮ್ಮ ವಾರ್ಡಿನಲ್ಲೇ ಒಬ್ಬ ಅಜ್ಜಿ ಇದ್ದಾಳೆ. ಊರಾಚೆ, ನಾಲೆ ಪಕ್ಕ, ಆಕೆಗೊಂದು ತುಂಡು ತೆಂಗಿನ ತೋಟ, ಮನೆಯಲ್ಲೊಂದು ಹಸು. ತೋಟಕ್ಕೆ ಹೋಗಲು ಇದ್ದ ಕಾಲುದಾರಿಯನ್ನು ಪಕ್ಕದ ಹೊಲದ ಯಜಮಾನರು ಉತ್ತು ಬೇಲಿ ಹಾಕಿಬಿಟ್ಟಿದ್ದರು. ಅಲ್ಲಿ ದಾರಿಯೇ ಇರಲಿಲ್ಲ ಅಂತ ಅವರ ವಾದ. ಅಜ್ಜಿ ಆ ಬಿಸಿಲಲ್ಲಿ ನಾಲೆ ಏರಿ ಸುತ್ತಿ, ಹಸು ಹಿಡಿದುಕೊಂಡು ಹೋಗಿ ಬರಬೇಕು.

ಆಕೆಯ ದಾವೆಯನ್ನು ಮೊದಲು ನಡೆಸುತ್ತಿದ್ದವರು ಇನ್ನೊಬ್ಬ ವಕೀಲರು. ಅವರು ನಡುವೆ ಒಂದು ಚುನಾವಣೆ ಗೆದ್ದರು. ಗೆದ್ದ ಮೇಲೆ ಕೋರ್ಟಿನ ಕಡೆ ತಲೆ ಹಾಕಲಿಲ್ಲ. ಅಜ್ಜಿ ಎರಡು ವರ್ಷ ಅವರ ಮನೆ ಬಾಗಿಲು ಕಾದು, ಕೊನೆಗೆ ಗೆದ್ದಲು ಹಿಡಿದ ಫೈಲನ್ನು ಸೆರಗಲ್ಲಿ ಕಟ್ಟಿಕೊಂಡು ನಮ್ಮ ಜಗಲಿಗೆ ಬಂದಳು.

ದಾರಿ ಇತ್ತು ಅನ್ನಲು ಕಾಗದವಿಲ್ಲ. ಸಾಕ್ಷಿ ಹೇಳಲು ಅಕ್ಕಪಕ್ಕದವರಿಗೆ ಯಜಮಾನರ ಹೆದರಿಕೆ. ಸೀನಿಯರ್ ಕೋರ್ಟಿನಿಂದ ಕಮಿಷನರ್ ನೇಮಕ ಮಾಡಿಸಿದರು. ಕಮಿಷನರ್ ಅಂದರೆ ಜಾಗ ನೋಡಿ ವರದಿ ಕೊಡಲು ಕೋರ್ಟು ಕಳಿಸುವ ವಕೀಲರು. ಸಂಜೆ ಹಾಲು ಕರೆಯುವ ಹೊತ್ತಿಗೇ ಬನ್ನಿ ಅಂತ ಅವರನ್ನು ಕೇಳಿಕೊಂಡರು. ಕರು ಮನೆಯಲ್ಲಿ, ಹಸು ತೋಟದಲ್ಲಿ. ಎರಡೂ ಕಡೆಯವರು, ಇಬ್ಬರು ವಕೀಲರು, ನಾನು, ಎಲ್ಲ ನಿಂತಿದ್ದೇವೆ. “ಅಜ್ಜಿ, ಹಗ್ಗ ಬಿಚ್ಚು” ಅಂದರು.

ಹಸು ಆಚೀಚೆ ನೋಡಲಿಲ್ಲ. ಅಷ್ಟುದ್ದದ ಮುಳ್ಳುಬೇಲಿಯಲ್ಲಿ ಒಂದು ಕಡೆ ನೆಟ್ಟಗೆ ಹೋಗಿ ನಿಂತು ಅಂಬಾ ಅಂತು. ಕಮಿಷನರ್ ಅಲ್ಲಿ ಬೇಲಿ ಸರಿಸಲು ಹೇಳಿದರು. ಉತ್ತ ಮಣ್ಣಿನ ಮೇಲೆ ಹಸು ನೇರವಾಗಿ ನಡೆಯಿತು. ನಡುಹೊಲದಲ್ಲಿ, ಏನೂ ಇಲ್ಲದ ಕಡೆ, ಎಡಕ್ಕೆ ಬಳಸಿಕೊಂಡು ಮತ್ತೆ ದಾರಿಗೆ ಬಂತು.

“ಅಲ್ಯಾಕೆ ಸುತ್ತಿಕೊಂಡು ಹೋಯಿತು?” ಅಂದರು ಕಮಿಷನರ್.

“ಅಲ್ಲೊಂದು ಉಣಸೆ ಮರ ಇತ್ತು ಕಣಪ್ಪ” ಅಂದಳು ಅಜ್ಜಿ. “ದಾರಿ ಮುಚ್ದಾಗ ಅದ್ನೂ ಕಡುದ್ಬುಟ್ರು.”

ಅಗೆಸಿದರೆ ಮೊಳದಾಳದಲ್ಲಿ ಹುಣಸೆ ಬೊಡ್ಡೆ! ನನ್ನ ಮೈಮೇಲಿನ ಕೂದಲೆಲ್ಲ ಎದ್ದು ನಿಂತವು. ಕಾನೂನಿನ ಯಾವ ಪುಸ್ತಕದಲ್ಲಿದೆ ಇದು? ಸೀನಿಯರ್ ಮುಖ ನೋಡಿದೆ. ಅವರ ಕಣ್ಣಲ್ಲಿ ನೀರಿತ್ತು.

ಎದುರು ವಕೀಲರು ಸುಮ್ಮನಿರಲಿಲ್ಲ. “ಇದಕ್ಕೆ ನನ್ನ ತಕರಾರಿದೆ. ಈ ಸಾಕ್ಷಿಯನ್ನು ಪಾಟೀಸವಾಲು ಮಾಡಲು ನನಗೆ ಅವಕಾಶವೇ ಸಿಕ್ಕಿಲ್ಲ” ಅಂದರು.

“ಧಾರಾಳವಾಗಿ ಮಾಡಿ ಸ್ವಾಮಿ” ಅಂದರು ನಮ್ಮವರು. “ಹಿಂದೆ ನಿಂತ್ಕೊಂಡು ಮಾತ್ರ ಪ್ರಶ್ನೆ ಕೇಳಬೇಡಿ, ಒದೀತದೆ.”

ಬೋಳು ತಲೆಗೆ ಬಾಚಣಿಗೆ

ದಾವೆ ಅಜ್ಜಿಯ ಕಡೆ ಆಯಿತು. ಯಜಮಾನರು ಹಾಸನದ ಕೋರ್ಟಿಗೆ ಅಪೀಲು ಹೋದರು. ಅದು ವಾದಕ್ಕೆ ಬರುವ ಹೊತ್ತಿಗೆ ಪುರಸಭೆ ಚುನಾವಣೆಯೂ ಬಂತು. ಸೀನಿಯರ್ ನಾಲ್ಕನೇ ಬಾರಿ ಪಕ್ಷೇತರರಾಗಿ ನಿಂತರು. ಎದುರಿಗೆ ಒಬ್ಬ ಕೊಬ್ಬರಿ ವ್ಯಾಪಾರಿ, ಸಜ್ಜನ. ಇವರಿಗೆ ಸಿಕ್ಕ ಗುರುತು ಬಾಚಣಿಗೆ.

ಊರೆಲ್ಲ ನಕ್ಕಿತು. ಇವರು ಜಗ್ಗಲಿಲ್ಲ. ನಲ್ಲಿ ನೀರಿಗೆ ಸಾಲು ನಿಂತ ಹೆಂಗಸರ ಮುಂದೆ ಟೋಪಿ ತೆಗೆದು ಬೋಳು ತಲೆ ತೋರಿಸಿ, “ನೋಡ್ರವ್ವಾ, ಈ ವಸ್ತು ನನ್ನ ಕೈಗೆ ಬಂದ್ರೆ ನಾನೊಬ್ಬನೇ ಮನೆಗೆ ಹೊತ್ಕೊಂಡು ಹೋಗೋ ಭಯ ಇಲ್ಲ. ನನಗೆ ಉಪಯೋಗವೇ ಇಲ್ಲ, ಪೂರ್ತಿ ನಿಮಗೇ” ಅಂದರು. ಹೆಂಗಸರು ಕೊಡ ಕೆಳಗಿಟ್ಟು ಚಪ್ಪಾಳೆ ತಟ್ಟಿದರು. ಈ ಸಲ ಗೆಲುವು ಖಂಡಿತ ಅಂತ ಅವತ್ತೇ ಅನ್ನಿಸಿತು.

ಆ ವಾರವೇ ಬೇಲಿ ಯಜಮಾನರು ಜಗಲಿಗೆ ಬಂದರು. ಅವರ ಮಾತು ಕೇಳುವ ಮನೆಗಳು ವಾರ್ಡಿನಲ್ಲಿ ಸಾಕಷ್ಟಿದ್ದವು. “ಸಾ, ಆ ಮುದುಕಿ ಕೇಸು ಬುಟ್ಬುಡಿ. ನಮ್ಮ ಮನೆತನದ ವೋಟೆಲ್ಲಾ ಬಾಚಣಿಗೆಗೇ ಕಣಿ” ಅಂದರು. ಅಜ್ಜಿ ಅಲ್ಲೇ ಕಂಬಕ್ಕೆ ಒರಗಿ ಕೂತಿದ್ದಳು. ಎಲೆ ಅಡಿಕೆ ಅಗಿಯುವುದನ್ನು ನಿಲ್ಲಿಸಿದಳು.

ಅಷ್ಟು ವೋಟು ಅಂದರೆ ಜೀವಮಾನದ ಆಸೆ ಕೈಗೆ ಬಂದ ಹಾಗೆಯೇ. ಸೀನಿಯರ್ ಒಂದು ಗಳಿಗೆಯೂ ಯೋಚಿಸಲಿಲ್ಲ. “ನಿಮ್ಮ ವೋಟು ನಿಮ್ಮ ಹತ್ರ ಇರ್ಲಿ ಯಜಮಾನ್ರೇ, ಅಜ್ಜಿ ದಾರಿ ಅಜ್ಜಿ ಹತ್ರ ಇರ್ಲಿ” ಅಂದು, ಒಳಗೆ ತಿರುಗಿ ಅವರಿಗೆ ಕಾಫಿ ತರಲು ಹೇಳಿದರು. ಇಂಥವರ ಜೂನಿಯರ್ ನಾನು ಅಂತ ಎದೆ ಉಬ್ಬಿತು.

ಉಬ್ಬಿದ್ದು ಹೆಚ್ಚು ಹೊತ್ತು ಉಳಿಯಲಿಲ್ಲ. ಯಜಮಾನರು ಹೋದ ಮೇಲೆ ನನ್ನ ಕಡೆ ತಿರುಗಿ, “ಗೆದ್ರೆ ನಾನು ಪುರಸಭೆ ನೋಡ್ಕೋಬೇಕು. ಹಾಸನದಲ್ಲಿ ಅಜ್ಜಿ ಅಪೀಲಿಗೆ ನೀನೇ ನಿಂತು ವಾದ ಮಾಡು” ಅಂದರು.

ನನಗೆ ಅರಕಲಗೂಡಿನ ಎಣ್ಣೆ ನೆನಪಾಯಿತು. ಹಾಸನದ ದೊಡ್ಡ ಕೋರ್ಟು, ನಾನೊಬ್ಬಳೇ, ಸೋತರೆ ಅಜ್ಜಿಯ ದಾರಿಯೇ ಹೋಯಿತು. ಅವತ್ತು ಮನೆಗೆ ಹೋದವಳು ಊಟ ಮಾಡಲಿಲ್ಲ. “ಯಾಕೆ, ಮುದ್ದೆ ಗಂಟಾಗಿತ್ತಾ?” ಅಂತ ಅಮ್ಮ ಕೇಳಿದಳು. “ಮುದ್ದೆ ಸರಿಯಾಗೇ ಇದೆ ಕಣಮ್ಮ, ಗಂಟು ಗಂಟಲಲ್ಲಿದೆ” ಅಂದೆ.

ಒಂದು ವೋಟು

ವೋಟಿನ ದಿನ ಎಲ್ಲರೂ ಬೆಳಗ್ಗೆಯೇ ಬೂತಿಗೆ ಹೋಗಿ ಬಂದೆವು. ನಮ್ಮ ಮನೆಯೂ ಅದೇ ವಾರ್ಡಿನಲ್ಲಿ, ಸೀನಿಯರ್ ಮನೆಯಿಂದ ಎರಡು ಬೀದಿ ಆಚೆ. ಎಣಿಕೆಯ ದಿನ ಕಾಲೇಜಿನ ಕೋಣೆಯಲ್ಲಿ ಅವರ ಏಜೆಂಟಾಗಿ ಕೂತಿದ್ದವಳು ನಾನೇ. ಎಣಿಕೆ ಮುಗಿದು ಅಧಿಕಾರಿ ಎದ್ದು ನಿಂತರು. ಹರಿದ ಪುಟದ ಸಾಲು ನೆನಪಾಯಿತು.

ಒಂದೇ ಒಂದು ವೋಟಿನಲ್ಲಿ ಸೋತಿದ್ದರು.

ಮತ್ತೆ ಎಣಿಸಿ ಅಂತ ಜಗಳ ಮಾಡಿದೆ. ಮತ್ತೆ ಎಣಿಸಿದರು. ಅದೇ ಒಂದು. ಸೀನಿಯರ್ ಕೊಬ್ಬರಿ ವ್ಯಾಪಾರಿಯ ಕೊರಳಿಗೆ ಹಾರ ಹಾಕಿ, ಕೈ ಕುಲುಕಿ, ಬಂದು ನನ್ನ ಸ್ಕೂಟರಿನ ಹಿಂದೆ ಕೂತರು. ಆಫೀಸಿಗೆ ಬಂದು ಆ ಹರಕು ಪುಸ್ತಕ ತೆಗೆದು ಕೊನೆಯ ಪುಟ ನೋಡುತ್ತಾ ಕೂತರು. ನಮ್ಮವರು ಅಷ್ಟು ಮುದುಕರಾಗಿ ನನಗೆ ಯಾವತ್ತೂ ಕಂಡಿರಲಿಲ್ಲ.

“ಒಂದು ವೋಟು ಸಾರ್! ಯಾವ ಪಾಪಿ ಹಾಕಲಿಲ್ವೋ” ಅಂತ ನಾನು ಹಲ್ಲು ಕಡಿದೆ.

“ಪಾಪಿ ಅನ್ನಬೇಡಮ್ಮ” ಅಂದರು ಮೆಲ್ಲಗೆ. “ನಾನೇ ಹಾಕಲಿಲ್ಲ.”

“ಅಂದ್ರೆ?”

ಪುಸ್ತಕದ ನಡುವಿನ ಒಂದು ಪುಟ ತೆಗೆದು ತೋರಿಸಿದರು. ‘ತನಗೆ ತಾನೇ ವೋಟು ಹಾಕಿಕೊಳ್ಳುವುದು ದೊಡ್ಡ ಮನುಷ್ಯನ ಲಕ್ಷಣವಲ್ಲವೆಂದು ನಮ್ಮ ವಕೀಲರು, ಬಾಯಲ್ಲೇ ವೋಟು ಹೇಳುವ ಸರದಿ ಬಂದಾಗ, ಎದುರಾಳಿಯ ಹೆಸರನ್ನೇ ಹೇಳಿದರು.’

“ನಾಲ್ಕು ಸಲವೂ ಎದುರಾಳಿಗೇ ಹಾಕಿದೀನಿ. ಆ ಮೂರು ಸಲ ತುಂಬ ವೋಟಲ್ಲಿ ಸೋತಿದ್ದೆ, ಹಾಗಾಗಿ ತೊಂದರೆ ಆಗ್ಲಿಲ್ಲ” ಅಂದರು.

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಆಸೆ ಎಷ್ಟು ಸಣ್ಣದು ಅಂದುಕೊಂಡಿದ್ದೆ ನಾನು. ಆ ಸಣ್ಣ ಆಸೆಯನ್ನೂ ಮರ್ಯಾದೆಗೆ ಬಿಟ್ಟುಕೊಟ್ಟ ಮನುಷ್ಯನ ಮುಂದೆ ನಿಂತು ನಾನು ಕೂಗಾಡುತ್ತಿದ್ದೆ. “ನೀವು ನಿಮಗೇ ಒತ್ತಿದ್ದರೆ ಅವರದ್ದೊಂದು ಇಳಿದು ನಿಮ್ಮದೊಂದು ಏರಿ ಗೆದ್ದಿರ್ತಿದ್ರಿ ಸಾರ್!”

ಅಷ್ಟರಲ್ಲಿ ಅಜ್ಜಿ ಒಳಗೆ ಬಂದಳು. ಹಸು ಮತ್ತೆ ಕರು ಹಾಕಿತ್ತು. ಬಟ್ಟಲಲ್ಲಿ ಗಿಣ್ಣು ತಂದಿದ್ದಳು. ಅದನ್ನು ಮೇಜಿನ ಮೇಲಿಟ್ಟು ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಅವರ್ನ ಯಾಕವ್ವ ಬಯ್ತೀಯೆ? ಸೋಲ್ಸುದ್ದು ನಾನು ಕಣವ್ವ.”

“ನೀನಾ ಅಜ್ಜಿ? ನಿನಗೋಸ್ಕರ ಆ ಮನೆತನದ ವೋಟನ್ನೇ ಬಿಟ್ಟರಲ್ಲ ಇವರು!”

“ಅದ್ಕೇ ಕಣವ್ವ. ಅಂಗೆ ನನ್ ಪರ ನಿಂತೋರ್ನ ಬುಟ್ಕೊಟ್ಟೇನಾ? ಮದ್ಲಿನ ಲಾಯರು ಗೆದ್ದ ಮ್ಯಾಲೆ ಮಕ ತೋರುಸ್ಲಿಲ್ಲ. ಇವ್ರೂ ಗೆದ್ಬುಟ್ರೆ ನನ್ ದಾರಿ ಯಾರು ಬುಡುಸ್ಕೊಡ್ತಾರೆ? ಮಿಸಿನ್ ಮುಂದೆ ನಿಂತು ಬಾಚಣಿಗೆಗೆ ಕೈ ಮುಗುದೆ. ‘ತಪ್ಪಾಯ್ತು ಕಣಪ್ಪ’ ಅಂತ ಪಕ್ಕದ್ದು ಒತ್ಬುಟ್ಟೆ. ನಂದೊಂದ್ರಿಂದ ಏನಾದದು ಅಂದ್ಕಂಡೆ.”

ಸೀನಿಯರ್ ನಗಲು ಶುರು ಮಾಡಿದರು. ಮೇಜು ಅಲುಗುವಷ್ಟು ನಕ್ಕರು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, “ಅಜ್ಜಿ, ನಾಲ್ಕು ಸಲ ಸೋತಿದೀನಿ. ನಾನೇ ಬೇಕು ಅಂತ ನನ್ನ ಸೋಲಿಸಿದ್ದು ನೀನೊಬ್ಬಳೇ” ಅಂದು ಒಂದು ಚಮಚ ಗಿಣ್ಣು ಬಾಯಿಗಿಟ್ಟುಕೊಂಡರು.

ಅಜ್ಜಿ ಸಮಾಧಾನವಾಗಿ ಹೋದಳು. ನಾನು ಬಟ್ಟಲಿನ ಕಡೆಯೇ ನೋಡುತ್ತಾ ನಿಂತಿದ್ದೆ. ಅವರು ಚಮಚ ಕೆಳಗಿಟ್ಟು ನನ್ನನ್ನು ದಿಟ್ಟಿಸಿದರು. ಸಾಕ್ಷಿಗಳನ್ನು ಹಾಗೆ ನೋಡುವುದನ್ನು ಆರು ವರ್ಷದಿಂದ ಕಂಡಿದ್ದವಳು ನಾನು.

“ನೀನು ಯಾರಿಗೆ ಒತ್ತಿದೆ?”

ಹಾಸನದ ಕೋರ್ಟು ಕಣ್ಣ ಮುಂದೆ ಬಂತು, ಮಿಷನ್ನಿನ ಎರಡು ಗುಂಡಿಗಳು ಬಂದವು, ಅವುಗಳ ನಡುವೆ ಹಿಂದೆಮುಂದೆ ನೋಡಿದ ನನ್ನ ಬೆರಳೂ ಬಂತು. ಹೇಳಿದೆ:

“ಉತ್ತರ ಗೊತ್ತಿಲ್ಲದ ಪ್ರಶ್ನೆ ಕೇಳಬಾರದು ಅಂತ ನೀವೇ ಹೇಳಿಕೊಟ್ಟಿದ್ದೀರಿ ಸಾರ್.”

ಅಪೀಲಿನ ಫೈಲನ್ನು ಅವರು ಮೆಲ್ಲಗೆ ನನ್ನ ಕಡೆ ತಳ್ಳಿದರು.

“ಗೊತ್ತಿದ್ದೇ ಕೇಳಿದ್ದು ಕಣಮ್ಮ. ನಾನು ಸೋತ್ರೂ ಹಾಸನದ ವಾದ ನಿಂದೇ.”